ಇಳಿದು ಬಂದ ಮಣ್ಣು

ತಿಗನಾರೆಯಲ್ಲಿ ಒಬ್ಬರ ಕೋಳಿ ಇನ್ನೊಬ್ಬರ ಹೊಲಕ್ಕೆ ಹೋದರೆ ಜಗಳವಾಗುತ್ತದೆ. ದನ ಹೋದರೆ ನ್ಯಾಯ ಸೇರುತ್ತದೆ. ಆನೆ ಹೋದರೆ ಅಲ್ಲಿಯವರೆಗೆ ಜಗಳವಾಡುತ್ತಿದ್ದ ಇಬ್ಬರೂ ಒಂದಾಗಿ ಫಾರೆಸ್ಟಿನವರನ್ನು ಬೈಯುತ್ತಾರೆ. ಆದರೆ ಹೊಲವೇ ಎದ್ದು ಇನ್ನೊಬ್ಬರ ಹೊಲಕ್ಕೆ ನಡೆದುಬಿಟ್ಟರೆ ಏನು ಮಾಡಬೇಕೆಂಬುದಕ್ಕೆ ಊರಿನಲ್ಲಿ ಆ ವರ್ಷದವರೆಗೆ ಕಟ್ಟಳೆ ಇರಲಿಲ್ಲ.

ಹಾಗೆ ಎದ್ದು ನಡೆದದ್ದು ಚಿಕ್ಕಬಸಪ್ಪನವರ ಮೇಲಿನ ಹೊಲ. ಕಾಡಂಚಿನ ಇಳಿಜಾರಿನಲ್ಲಿ ಬೆನ್ನು ಕೊಟ್ಟು ಮಲಗಿದ ಎತ್ತಿನಂತಿರುವ ಹೊಲ ಅದು. ಅದರ ನೆತ್ತಿಯಲ್ಲಿ ಅವರ ತಂದೆ ಗುರುಮಲ್ಲಪ್ಪನವರ ಗದ್ದುಗೆ. ಲಿಂಗವಂತರ ವಾಡಿಕೆಯಂತೆ ಮುದುಕರನ್ನು ಅವರ ಹೊಲದಲ್ಲೇ ಕೂರಿಸಿ ಮಣ್ಣು ಮಾಡಿ, ಮೇಲೊಂದು ಸಣ್ಣ ಕಲ್ಲು ಬಸವನನ್ನು ಇಟ್ಟಿದ್ದರು. ಇದ್ದಾಗಲೂ ಅವರು ಅಲ್ಲೇ ಕೂತು ಉಳುವ ಆಳುಗಳ ಮೇಲೆ ಕಣ್ಣಿಡುತ್ತಿದ್ದರು. ಸತ್ತ ಮೇಲೆ ಜಾಗ ಬದಲಾಗಲಿಲ್ಲ, ಕೂಗುವುದು ಮಾತ್ರ ನಿಂತಿತು.

ಆ ಹೊಲಕ್ಕೆ ಒಂದು ಕಾಲದಲ್ಲಿ ಇಳಿಜಾರಿಗೆ ಅಡ್ಡವಾಗಿ ಮೆಟ್ಟಿಲು ಮೆಟ್ಟಿಲಾಗಿ ಬದುಗಳಿದ್ದವು. ಬದುಗಳ ಮೇಲೆ ಕತ್ತಾಳೆ, ಲಾಂಟಾನ, ಅಲ್ಲೊಂದು ಇಲ್ಲೊಂದು ಹೊಂಗೆ. ಕಾಡುಹಂದಿಗಳು ಹಗಲೆಲ್ಲ ಆ ಪೊದೆಗಳಲ್ಲಿ ಮಲಗಿ, ಸಂಜೆ ಎದ್ದು ಮೈಮುರಿದು ಎದುರಿಗೇ ಊಟಕ್ಕೆ ಇಳಿಯುತ್ತಿದ್ದವು. ಊಟ ವಸತಿ ಎರಡೂ ಒಂದೇ ಕಡೆ. ಇದನ್ನು ನೋಡಿ ನೋಡಿ ರೋಸಿದ ಊರವರು ಒಂದು ಬೇಸಿಗೆಯಲ್ಲಿ ಜೆಸಿಬಿ ತರಿಸಿ ಬದುಗಳನ್ನೆಲ್ಲ ಬೋಳಿಸಿಬಿಟ್ಟರು. ಮನೆ ಇಲ್ಲದಿದ್ದರೆ ಹಂದಿ ಬರುವುದಿಲ್ಲ ಎಂಬುದು ಲೆಕ್ಕ. ಹಂದಿಗಳು ಬೇಸರ ಮಾಡಿಕೊಳ್ಳಲಿಲ್ಲ. ಕಾಡಿನೊಳಗೆ ಮನೆ ಮಾಡಿಕೊಂಡು ದಿನಾ ನಡೆದು ಬರತೊಡಗಿದವು. ನಡೆದದ್ದರಿಂದ ಹಸಿವೂ ಹೆಚ್ಚಾಯಿತು.

ಬದು ಹೋದದ್ದರಿಂದ ನಿಜವಾಗಿ ಸಂತೋಷಪಟ್ಟವನೆಂದರೆ ಚಿಕ್ಕಬಸಪ್ಪನವರ ಮಗ ಚನ್ನಬಸವ. ಟ್ರ್ಯಾಕ್ಟರು ತಂದು ಒಂದು ವರ್ಷವಾಗಿತ್ತು. ಬದು ಇದ್ದಾಗ ಗಾಡಿ ತಿರುಗಿಸಲು ಪದೇ ಪದೇ ಗೇರು ಹಾಕಬೇಕು, ಹಿಂದೆ ಮುಂದೆ ಮಾಡಬೇಕು. ಈಗ ಮೇಲಿನಿಂದ ಕೆಳಕ್ಕೆ ಒಂದೇ ಉಸಿರಿಗೆ ಉದ್ದಕ್ಕೆ ಉತ್ತು ಇಳಿಯಬಹುದು. ಹಾಗೆ ತಿರುಗಿಸುವ ಭರದಲ್ಲಿ ಅವನು ಒಮ್ಮೆ ತಾತನ ಗದ್ದುಗೆಗೂ ಗಾಡಿ ತಾಗಿಸಿ ಕಲ್ಲು ಬಸವನ ಒಂದು ಕಿವಿ ಹಾರಿಸಿದ್ದ. ಅವತ್ತು ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ. ಉಳುವುದು ಮಾತ್ರ ಉದ್ದಕ್ಕೇ ನಡೆಯಿತು.

ಈ ಹೊಲದ ಕೆಳಗೆ ಕೆಂಚಮ್ಮನ ಅರ್ಧ ಎಕರೆ. ಕೆಂಚಮ್ಮ, ಅವಳ ಗಂಡ ಚಿಕ್ಕಸಿದ್ದ ಇಬ್ಬರೂ ಚಿಕ್ಕಬಸಪ್ಪನವರ ಮನೆಯಲ್ಲಿ ಕೂಲಿ ಮಾಡುವವರು; ಅವರ ಅಪ್ಪ ಅವ್ವಂದಿರೂ ಅದೇ ಮನೆಯ ಆಳುಗಳಾಗಿದ್ದವರು. ಅರ್ಧ ಎಕರೆಯನ್ನು ಹೊಲ ಎನ್ನುವುದು ಮರ್ಯಾದೆಗೆ. ಅಲ್ಲಿ ಮುಖ್ಯ ಬೆಳೆ ಕಲ್ಲು. ಬಿತ್ತಿದ ರಾಗಿ ಹಬ್ಬದ ಮುದ್ದೆಗೆ ಸಾಲುತ್ತಿತ್ತು, ಆಮೇಲೆ ಗಂಡ ಹೆಂಡತಿ ಮೇಕೆಗಳನ್ನು ನೆರೆಮನೆಗೆ ಒಪ್ಪಿಸಿ, ದಿಂಬಂ ಘಾಟಿ ಇಳಿದು, ಸತ್ಯಮಂಗಲದ ಕಡೆ ಕಬ್ಬು ಕಡಿಯಲು ಹೋಗುತ್ತಿದ್ದರು. ಕಬ್ಬಿನ ಗರಿ ಕೈ ಕೊಯ್ಯುತ್ತದೆ, ತೋಟದ ಶೆಡ್ಡಿನಲ್ಲಿ ಮಲಗಿದರೆ ನಿದ್ದೆ ಬರುವುದಿಲ್ಲ. ಕೆಂಚಮ್ಮ ಪ್ರತಿ ವರ್ಷ ಘಾಟಿಯ ತಿರುವುಗಳಲ್ಲಿ ವಾಂತಿ ಮಾಡಿಕೊಳ್ಳುತ್ತಾ, ಬಸ್ಸಿನ ಕಿಟಕಿಯಿಂದ ಬೆಟ್ಟದ ಕಡೆ ನೋಡುತ್ತಾ ಹೋಗುವಳು.

ಊರಿನಲ್ಲೆಲ್ಲ ಬದು ಬೋಳಾದಾಗ ಅವಳ ಹೊಲದ ಕೆಳಗಿನ ಬದು ಮಾತ್ರ ಉಳಿದುಕೊಂಡಿತು. ದೂರದೃಷ್ಟಿಯಿಂದಲ್ಲ, ಚಿಕ್ಕಸಿದ್ದನ ಸೋಮಾರಿತನದಿಂದ. ಜೆಸಿಬಿಯ ಬಾಬ್ತು ತಮ್ಮ ಕೈಗೆ ಆಗದು, ಗುದ್ದಲಿಯಲ್ಲೇ ಕೆಡವು ಎಂದು ಅವಳು ಹೇಳಿದ್ದಳು. ಅವನು ನಾಳೆ ಎಂದಿದ್ದ. ಚಿಕ್ಕಸಿದ್ದನ ನಾಳೆಗೆ ಪಂಚಾಂಗದಲ್ಲಿ ತಿಥಿ ಇಲ್ಲ. ಎರಡು ವರ್ಷದ ನಾಳೆಗಳಲ್ಲಿ ಬದುವಿನ ಕತ್ತಾಳೆ ಮರಿ ಹಾಕಿ, ಮರಿ ಮರಿ ಹಾಕಿ, ಬದು ಕೋಟೆಯಂತಾಯಿತು.

ಕೆಲಸದಲ್ಲಿ ನಾಳೆ ಎನ್ನುವವನು ಒಂದು ವಿಷಯದಲ್ಲಿ ಮಾತ್ರ ಈಗಲೇ ಎನ್ನುವವನು: ಅನುಕರಣೆ. ಘಾಟಿ ಹತ್ತುವ ಬಸ್ಸು ಗೇರು ಬದಲಿಸುವಾಗ ನರಳುವುದು, ತಾಳವಾಡಿಯ ತಮಿಳು ಸರ್ಕಾರದ ಆಫೀಸಿನ ಗುಮಾಸ್ತರು ತಮಿಳಿನಲ್ಲಿ ‘ನಾಳೈಕ್ಕು ವಾ’ ಎನ್ನುವುದು (ಅವರ ನಾಳೆಯ ಮೇಲೆ ಅವನಿಗೆ ವಿಶೇಷ ಗೌರವ), ಮಾತಿಗೆ ಮುಂಚೆ ಚಿಕ್ಕಬಸಪ್ಪನವರು ಗಂಟಲು ಸರಿಮಾಡಿಕೊಳ್ಳುವುದು, ಎಲ್ಲ ಅವನ ಬಾಯಲ್ಲಿ ಬೇರೆ ಬೇರೆ ಬಾಡಿಗೆದಾರರಂತೆ ವಾಸವಾಗಿದ್ದವು. ಕಾವಲಿಗೆ ಕೂತಾಗ ಅವನು ಚಿರತೆಯಂತೆ ಕೆಮ್ಮಿದರೆ ಹಂದಿಗಳು ಓಡುತ್ತಿದ್ದವು. ಒಂದು ಸಲ ಪಕ್ಕದ ಹೊಲದ ಕಾವಲುಗಾರನೂ ಓಡಿದ್ದ. ಒಂದು ನೇಮ ಮಾತ್ರ ಇತ್ತು. ಸತ್ತವರ ದನಿ ತೆಗೆಯುತ್ತಿರಲಿಲ್ಲ. ಸತ್ತವರ ಹಾಗೆ ಕೂಗಿದರೆ ತಮ್ಮನ್ನೇ ಕರೆದರೆಂದು ಅವರು ಎದ್ದು ಬರುತ್ತಾರೆ ಎಂದು ಅವನ ಅವ್ವ ಹೇಳಿದ್ದಳು.

ಅದರಿಂದಾಗಿ ಅವನ ಸಂಗ್ರಹದ ಅತಿ ಒಳ್ಳೆಯ ದನಿ ಒಳಗೇ ಉಳಿದಿತ್ತು. ಹುಡುಗನಾಗಿದ್ದಾಗ ಅವನು ಗುರುಮಲ್ಲಪ್ಪನವರ ಎತ್ತು ಹೂಡಿ ಉಳುತ್ತಿದ್ದ. ನೆತ್ತಿಯಲ್ಲಿ ಕೂತ ಮುದುಕರು, ನೇಗಿಲು ಒಂದಿಷ್ಟು ಇಳಿಜಾರಿನ ಕಡೆ ವಾಲಿದರೆ ಸಾಕು, ಕೂಗುತ್ತಿದ್ದರು: ‘ಅಡ್ಡಕ ಒಡೀಲಾ! ಅಡ್ಡಕ!’ ನಮ್ಮ ಸೀಮೆಯಲ್ಲಿ ಹಕಾರಕ್ಕೆ ಮೊದಲಿನಿಂದಲೂ ಬರಗಾಲ, ಆದರೆ ದನಿಗೆ ಬರ ಇರಲಿಲ್ಲ. ಆ ಕೂಗು ಎದುರಿನ ಕಾಡಿಗೆ ಹೋಗಿ ಮುಟ್ಟಿ ವಾಪಸು ಬರುತ್ತಿತ್ತು.

ಆ ವರ್ಷ ಬೇಸಿಗೆಯಲ್ಲಿ ಚಿಕ್ಕಬಸಪ್ಪನವರು ಮೇಲಿನ ಹೊಲಕ್ಕೆ ತುಂಬ ಮನಸ್ಸು ಹಾಕಿದ್ದರು. ಕೆರೆಯ ಗೋಡುಮಣ್ಣು ಹೊಡೆಸಿದರು. ಕುರಿಯವರನ್ನು ಕರೆಸಿ ಮಂದೆ ತಂಗಿಸಿದರು. ಮಣ್ಣು ಹೂವಿನ ಹಾಗಾಯಿತು. ಚನ್ನಬಸವ ಕೋಸಿಗೆಂದು ಉದ್ದಕ್ಕೆ ಉತ್ತು ಸಾಲು ಹೊಡೆದ. ಆಮೇಲೆ ಮಳೆ ಬಂತು.

ಮೊದಲೆಲ್ಲ ಮಳೆ ತವರಿನಿಂದ ಬಂದ ನೆಂಟರ ಹಾಗೆ ಬಂದು, ಕೂತು, ಹೋಗುತ್ತೇನೆ ಹೋಗುತ್ತೇನೆ ಎಂದು ಒಂದು ವಾರ ಇದ್ದು ಹೋಗುತ್ತಿತ್ತು. ಈಗ ಅದಕ್ಕೂ ಕೊನೇ ಬಸ್ಸಿನ ಅವಸರ. ತಿಂಗಳುಗಟ್ಟಲೆ ಮುಖ ತೋರಿಸದೆ, ಒಂದು ಮಧ್ಯಾಹ್ನ ಬಂದು, ತಂದದ್ದನ್ನೆಲ್ಲ ಬಾಗಿಲಲ್ಲೇ ಸುರಿದು ಹೋಗಿಬಿಡುತ್ತದೆ. ಆ ದಿನ ಅದು ಸುರಿದಾಗ ಚನ್ನಬಸವನ ಉದ್ದುದ್ದ ಸಾಲುಗಳು ಸಾಲು ಸಾಲು ಕಾಲುವೆಗಳಾದವು. ಗೋಡು, ಕುರಿಗೊಬ್ಬರ, ಹೂವಿನಂಥ ಮಣ್ಣು ಎಲ್ಲ ಕಲಸಿದ ಹಿಟ್ಟಿನಂತೆ ಕೆಳಗಿಳಿದು, ಕೆಂಚಮ್ಮನ ಅರ್ಧ ಎಕರೆಯ ಮೇಲೆ ಹರಿದು, ಅವಳ ಕತ್ತಾಳೆ ಬದುವಿಗೆ ಹಣೆ ಹಚ್ಚಿತು. ನೀರು ಕತ್ತಾಳೆಯ ಸಂದಿನಲ್ಲಿ ಸೋಸಿ ಹಳ್ಳಕ್ಕೆ ಹೋಯಿತು. ಮಣ್ಣು ನಿಂತಿತು.

ಮಾರನೆಯ ದಿನ ಮೇಲಿನ ಹೊಲ ಪಕ್ಕೆಲುಬು ಕಾಣುವ ದನದಂತಿತ್ತು. ಕೆಂಚಮ್ಮನ ಹೊಲದಲ್ಲಿ ಕಲ್ಲುಗಳೇ ಕಾಣುತ್ತಿರಲಿಲ್ಲ. ಅವಳು ಕಾಲಿಟ್ಟರೆ ಕಾಲು ಹೂತಿತು. ಒಂದು ಹಿಡಿ ಎತ್ತಿ ಮೂಗಿಗೆ ಹಿಡಿದಳು. ಕುರಿಮಂದೆಯ ವಾಸನೆ. ಸುತ್ತ ಯಾರಾದರೂ ನೋಡುತ್ತಿದ್ದಾರೆಯೇ ಎಂದು ನೋಡಿ ಹಿಡಿಯನ್ನು ಮೆಲ್ಲಗೆ ಕೆಳಗಿಟ್ಟಳು, ಬೇರೆಯವರ ಮನೆಯ ಪಾತ್ರೆ ಇಡುವ ಹಾಗೆ.

ಆದರೂ ಬಿತ್ತದೆ ಇರಲಾಗುತ್ತದೆಯೇ? ಆಷಾಢದ ತುಂತುರಿಗೆ ರಾಗಿ ಬಿತ್ತಿದಳು, ನಡುನಡುವೆ ಅವರೆ, ಹುಚ್ಚೆಳ್ಳಿನ ಅಕ್ಕಡಿ ಸಾಲು ಬಿಟ್ಟಳು. ಆಮೇಲೆ ಮಳೆ ಮತ್ತೆ ಕೈಕೊಟ್ಟಿತು. ಊರಿನ ಹೊಲಗಳೆಲ್ಲ ಬಾಡಿದಾಗ ಅವಳ ದಪ್ಪ ಮಣ್ಣು ಒಳಗಿನ ತೇವವನ್ನು ಬಿಟ್ಟುಕೊಡಲಿಲ್ಲ. ರಾಗಿ ಸೊಂಟಕ್ಕೆ ಬಂತು. ತೆನೆ ಮಡಚಿದ ಮುಷ್ಟಿಯಂತಾಯಿತು. ವರ್ಷಕ್ಕೆ ಸಾಲುವ ರಾಗಿ ಕಣ್ಣೆದುರಿಗೇ ನಿಂತಿತ್ತು, ಮುಂದಿನ ವರ್ಷಕ್ಕೂ ಇದೇ ಮಣ್ಣಿರುತ್ತದೆ. ಇನ್ನು ಘಾಟಿ ಇಳಿಯುವುದಿಲ್ಲ ಎಂದು ಕೆಂಚಮ್ಮ ಗಂಡನಿಗೆ ಹೇಳಿದಳು. ಬಸ್ಸಿಗೆ ಬೇಜಾರಾಗುತ್ತದೆ ಎಂದು ಅವನು ಗೇರು ಬದಲಿಸಿ ನರಳಿ ತೋರಿಸಿದ. ಅವಳು ಸೆರಗು ಬಾಯಿಗಿಟ್ಟು ನಕ್ಕಳು.

ಮೇಲೆ ಚಿಕ್ಕಬಸಪ್ಪನವರ ಕೋಸು ನಿಂಬೆಹಣ್ಣಿನ ಗಾತ್ರಕ್ಕೆ ಬಂದು, ಇಷ್ಟು ಸಾಕು ಎಂದು ನಿಂತಿತು. ಪ್ರತಿ ಬೆಳಿಗ್ಗೆ ಅವರು ತಂದೆಯ ಗದ್ದುಗೆಗೆ ವಿಭೂತಿ ಹಚ್ಚಿ ತಿರುಗಿದರೆ ಕಾಣುವುದು ಕೆಳಗಿನ ಹಸಿರು. ತನ್ನ ಹಸು ಇನ್ನೊಬ್ಬರ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿರುವುದನ್ನು ನೋಡಿದ ಹಾಗಾಗುತ್ತಿತ್ತು. ಕೆಟ್ಟ ಮನುಷ್ಯರಲ್ಲ. ಆ ಮಣ್ಣಿಗೆ ಹಾಕಿದ ಆಸೆ ಅವರದು. ಆದರೂ ತಿಂಗಳುಗಟ್ಟಲೆ ಸುಮ್ಮನಿದ್ದರು. ಒಂದು ದಿನ ಗಂಟಲು ಸರಿಮಾಡಿಕೊಂಡು ಊರ ಯಜಮಾನರ ಹತ್ತಿರ ಬಾಯಿಬಿಟ್ಟರು.

ಗುಡಿಯ ಜಗಲಿಯಲ್ಲಿ ನ್ಯಾಯ ಸೇರಿತು. ಹಸು ತಪ್ಪಿಸಿಕೊಂಡು ಹೋದರೆ ಹಸುವನ್ನು ವಾಪಸು ಕೊಡಬೇಕು, ಮಣ್ಣೂ ಹಾಗೆಯೇ ಎಂದು ಒಬ್ಬರು. ಹಸು ಅಲ್ಲಿ ಕರು ಹಾಕಿದರೆ ಕರು ಯಾರದು ಎಂದು ಇನ್ನೊಬ್ಬರು. ಹಾಕಿದ ಮೇವು ಇವರದಲ್ಲವೇ ಎಂದು ಮೂರನೆಯವರು. ಹಸುವಿನ ವಿಷಯ ಮುಗಿದು ಮಣ್ಣಿನ ವಿಷಯ ಬರುವಷ್ಟರಲ್ಲಿ ಹೊತ್ತು ಇಳಿದಿತ್ತು. ಕೊನೆಗೆ ಯಜಮಾನರು ತೀರ್ಮಾನ ಹೇಳಿದರು: ರಾಗಿ ಕೆಂಚಮ್ಮನದು, ಮಣ್ಣು ಚಿಕ್ಕಬಸಪ್ಪನವರದು. ಕುಯ್ಲು ಆಗುವವರೆಗೆ ಯಾರೂ ಮುಟ್ಟಬಾರದು; ಆದ ಮೇಲೆ ಅವರ ಮಣ್ಣನ್ನು ಅವರು ಒಯ್ಯಬಹುದು.

ಕೆಂಚಮ್ಮನನ್ನು ಕೇಳಿದರು. ಕಂಬದ ಪಕ್ಕ ನೆಲದಲ್ಲಿ ಕೂತಿದ್ದ ಅವಳು ಎದ್ದು ನಿಂತಳು.

‘ಅವ್ರ ಮಣ್ಣು ಅವ್ರುದೇ ಬುದ್ದಿ. ಕುರಿ ಮಂದ ಕಟ್ಟಿದ್ದಾಗ ಗೊಬ್ರ ಎಳ್ದೋಳೂ ನಾನೇಯ. ಇಲ್ಲ ಅಂತ ಎಂಗ್ ಏಳನ?’

ಅದು ಹೆದರಿಕೆಯ ಮಾತಲ್ಲ. ಅವಳಿಗೆ ಹಾಗೇ ಅನ್ನಿಸಿತ್ತು, ಅದೇ ಕಷ್ಟ. ಮನೆಗೆ ಹೋಗುವ ದಾರಿಯಲ್ಲಿ ಚಿಕ್ಕಸಿದ್ದ ಯಜಮಾನರ ಹಾಗೆ ಮೂಗಿನಲ್ಲಿ ತೀರ್ಮಾನ ಹೇಳಿದ, ಹಸುವಿನ ಪಕ್ಷದವರ ಹಾಗೆ ವಾದಿಸಿದ, ಸ್ವತಃ ಹಸುವಿನ ಹಾಗೆ ಅಂಬಾ ಎಂದು ಸಾಕ್ಷಿ ನುಡಿದ. ಕೆಂಚಮ್ಮ ನಗಲಿಲ್ಲ. ಮುಂದಿನ ಕಬ್ಬಿನ ಸೀಸನ್ನಿಗೆ ಹೆಸರು ಕೊಡಬೇಕು, ಮೇಕೆಗಳನ್ನು ಯಾರ ಹತ್ತಿರ ಬಿಡೋಣ ಎಂದಷ್ಟೇ ಕೇಳಿದಳು. ಅವನು ಆಮೇಲೆ ದಾರಿಯುದ್ದಕ್ಕೂ ತನ್ನ ಸ್ವಂತ ದನಿಯಲ್ಲೂ ಮಾತಾಡಲಿಲ್ಲ.

ರಾಗಿ ಕುಯ್ದು ಕಣದಲ್ಲಿ ಮೆದೆ ಒಟ್ಟಿದರು. ಅಂಥ ಮೆದೆ ಅವರ ಬಾಳಿನಲ್ಲಿ ಒಟ್ಟಿರಲಿಲ್ಲ. ಮಾರ್ಗಶಿರದ ಚಳಿ ಬಿದ್ದಾಗ ಒಂದು ಬೆಳಿಗ್ಗೆ ಟ್ರ್ಯಾಕ್ಟರು ಟ್ರೇಲರು ಕಟ್ಟಿಕೊಂಡು ಬಂತು. ಮಣ್ಣು ತುಂಬಲು ಆಳು ಬೇಕು. ಊರಿನ ಆಳುಗಳೆಲ್ಲ ಯಾವುದೋ ನೆಪ ಹೇಳಿ ತಪ್ಪಿಸಿಕೊಂಡಿದ್ದರು. ಉಳಿದವರು ಕೆಂಚಮ್ಮ, ಚಿಕ್ಕಸಿದ್ದ. ಕೂಲಿ ಕೂಲಿಯೇ ಎಂದು ಅವಳು ಬಾಂಡ್ಲಿ ಹಿಡಿದಳು. ಅವನು ಅಗೆದ, ಅವಳು ಹೊತ್ತಳು. ರಾಗಿಯ ಕೂಳೆ ಬೇರುಸಮೇತ ಏಳುತ್ತಿತ್ತು. ಕೊಡವಿದರೂ ಮಣ್ಣು ಬಿಡುತ್ತಿರಲಿಲ್ಲ.

ಮಧ್ಯಾಹ್ನಕ್ಕೆ ಚಿಕ್ಕಬಸಪ್ಪನವರ ಹೆಂಡತಿ ವಿಶಾಲಾಕ್ಷಮ್ಮ ಎಲ್ಲರಿಗೂ ಮಜ್ಜಿಗೆ ತಂದರು. ಹೊಲದ ಒಡತಿಯೇ ತನ್ನ ಹೊಲವನ್ನು ತಲೆಯ ಮೇಲೆ ಹೊತ್ತು ಬೇರೆಯವರ ಗಾಡಿಗೆ ಸುರಿಯುವುದನ್ನು ಸ್ವಲ್ಪ ಹೊತ್ತು ನೋಡಿದರು. ಗಂಡನ ಪಕ್ಕ ಬಂದು, ಈ ಮಣ್ಣನ್ನು ಮೇಲೆ ಯಾವುದಕ್ಕೆ ಒರಗಿಸಿ ನಿಲ್ಲಿಸುತ್ತೀರಿ ಎಂದು ಕೇಳಿದರು. ಸಮ ಮಾಡಿ ಹರಡಿದರೆ ನಿಲ್ಲುತ್ತದೆ ಎಂದರು ಅವರು. ಇಳಿಜಾರನ್ನು ಯಾರು ಸಮ ಮಾಡುತ್ತಾರೆ ಎಂದು ಕೇಳಿ, ಉತ್ತರಕ್ಕೆ ಕಾಯದೆ, ಆಕೆ ಪಾತ್ರೆ ತೆಗೆದುಕೊಂಡು ಹೊರಟರು. ಚನ್ನಬಸವನಿಗೂ ಅದೇ ಪ್ರಶ್ನೆ ಎದ್ದಿತ್ತು, ಆದರೆ ಗಾಡಿಯ ಮೇಲೆ ಕೂತವನಿಗೆ ಅದು ಬರೀ ಎಲ್ಲಿ ಸುರಿಯಲಿ ಎಂಬ ಪ್ರಶ್ನೆ. ಗದ್ದುಗೆಯ ಸುತ್ತ ಒಂದಿಷ್ಟು ಸಮತಟ್ಟು ಜಾಗ ಇತ್ತು. ಲೋಡುಗಳನ್ನೆಲ್ಲ ಅಲ್ಲೇ ಗುಡ್ಡೆ ಹಾಕಿದ.

ಅವತ್ತೇ ಸಂಜೆ ಕಡಲಿನಲ್ಲಿ ಪುಯಲ್ ಎದ್ದಿದೆ ಎಂದು ಟೀವಿಯಲ್ಲಿ ತಮಿಳಿನಲ್ಲಿ ಹೇಳಿದರು. ಕಡಲಿನ ಬಿರುಗಾಳಿಗೂ ತಿಗನಾರೆಗೂ ಏನು ಸಂಬಂಧ ಎಂದು ಊರವರು ಮುದ್ದೆ ಉಣ್ಣುತ್ತಿದ್ದಾಗಲೇ ಮೊದಲ ಗುಡುಗು ಕೇಳಿಸಿತು. ರಾಗಿ ಕಣದಲ್ಲಿ ಒಣಗಬೇಕಾದ ಕಾಲ ಅದು. ಅಜ್ಜಂದಿರ ಕಾಲದಲ್ಲಿ ಆ ತಿಂಗಳು ಮಳೆ ಬಂದರೆ ಶಾಂತಿ ಮಾಡಿಸುತ್ತಿದ್ದರಂತೆ. ಈಗ ಟಾರ್ಪಾಲು ತೆಗೆಯುತ್ತಾರೆ. ಕೆಂಚಮ್ಮ ಚಿಕ್ಕಸಿದ್ದ ಓಡಿಹೋಗಿ ಮೆದೆಗೆ ಟಾರ್ಪಾಲು ಹೊದಿಸಿ, ಅಂಚಿಗೆ ಕಲ್ಲು ಹೇರಿ, ತೊಯ್ದು ಮನೆಗೆ ಬಂದರು. ಮಳೆ ಮಣ್ಣು ಇಳಿಸಿದ ಆ ಬೇಸಿಗೆಯ ಮಳೆಗಿಂತ ಜೋರಾಗಿತ್ತು.

ಬೆಳಿಗ್ಗೆ ಮೆದೆ ನೋಡಿಕೊಂಡು ಕೆಂಚಮ್ಮ ಹೊಲಕ್ಕೆ ಹೋದಳು. ಹಿಂದಿನ ದಿನ ಅಗೆದ ಗುಂಡಿಗಳು ಕಾಣುತ್ತಿರಲಿಲ್ಲ. ಹೊತ್ತು ಸುರಿದ ಮಣ್ಣೆಲ್ಲ ಅವಳಿಗಿಂತ ಮುಂಚೆ ಬಂದು ತನ್ನ ಜಾಗದಲ್ಲಿ ಮಲಗಿತ್ತು. ಅವಳಿಗೆ ನಗು ಬಂತೋ ಅಳು ಬಂತೋ ತಿಳಿಯುವ ಮುಂಚೆ, ಬದುವಿನ ಕತ್ತಾಳೆಯ ಮಧ್ಯೆ ಏನೋ ಕಪ್ಪಗೆ ಕಂಡಿತು. ಬಗ್ಗಿ ನೋಡಿದಳು. ಕೆಸರು ಮೆತ್ತಿದ ಕಲ್ಲು ಬಸವ. ಒಂದು ಕಿವಿ ಇಲ್ಲ.

ಅವಳು ಮುಟ್ಟಲಿಲ್ಲ. ಲಿಂಗವಂತರ ಗದ್ದುಗೆಯ ಬಸವ. ಅವಳ ಜನ ಆ ಗದ್ದುಗೆಗೆ ದೂರದಿಂದ ಕೈ ಮುಗಿದು ಗೊತ್ತೇ ಹೊರತು ಹತ್ತಿರ ಹೋಗಿ ಗೊತ್ತಿಲ್ಲ. ಗಂಡನನ್ನು ಓಡಿಸಿದಳು. ಚಿಕ್ಕಬಸಪ್ಪನವರ ಮನೆ ಬಾಗಿಲಲ್ಲಿ ಚಿಕ್ಕಸಿದ್ದ ಒಂದು ತಮಾಷೆಯಿಲ್ಲದೆ ಸುದ್ದಿ ಹೇಳಿದ. ಅವನು ತಮಾಷೆ ಮಾಡದ್ದನ್ನು ನೋಡಿಯೇ ಅವರು ಚಪ್ಪಲಿ ಮೆಟ್ಟದೆ ಹೊರಟರು.

ಮೇಲೆ ಗದ್ದುಗೆಯ ಒಂದು ಮಗ್ಗುಲನ್ನು ನೀರು ತಿಂದಿತ್ತು. ಸುತ್ತ ಹಾಕಿದ್ದ ಸಡಿಲ ಗುಡ್ಡೆಗಳು ನೀರನ್ನು ಅದರ ಕಡೆಗೇ ತಿರುಗಿಸಿದ್ದವು. ಚಿಕ್ಕಬಸಪ್ಪನವರು ಅಲ್ಲಿ ನಿಲ್ಲಲಾರದೆ, ಕೊರಕಲು ಹಿಡಿದು ಇಳಿದು ಬಂದರು. ಹಿಂದೆ ವಿಶಾಲಾಕ್ಷಮ್ಮ, ಅವರ ಹಿಂದೆ ತಲೆ ತಗ್ಗಿಸಿಕೊಂಡು ಚನ್ನಬಸವ. ಬದುವಿನ ಮುಂದೆ ಬಂದು ನಿಂತಾಗ ಅವರಿಗೆ ಗಂಟಲು ಸರಿಮಾಡಿಕೊಳ್ಳುವುದೂ ಮರೆತುಹೋಗಿತ್ತು.

‘ಅಪ್ಪ ಇಲ್ಲೀಗಂಟ ಬಂದ್ಬುಟ್ಟವ್ರಲ್ಲ’ ಎಂದರು.

‘ಮಣ್ಣು ಓದ ಕಡೀಕ ಅವರೂ ಓದ್ರು’ ಎಂದರು ವಿಶಾಲಾಕ್ಷಮ್ಮ. ‘ಇಡ್ಕಳಕ ಮೇಲ್ಗಡ ನೀವು ಏನ್ ಬುಟ್ಟಿದ್ರಿ? ಒಂದು ಗಿಡ? ಒಂದು ಬದು?’

ಚಿಕ್ಕಬಸಪ್ಪನವರು ಬಗ್ಗಿ ಕೈ ಚಾಚಿದರು. ಕತ್ತಾಳೆ ಯಜಮಾನ ಆಳು ಎಂದು ನೋಡುವ ಗಿಡವಲ್ಲ. ಮುಳ್ಳು ಮೊಣಕೈವರೆಗೆ ಗೀರಿತು. ಇನ್ನೊಂದು ಕಡೆಯಿಂದ ಚಾಚಿದರು, ಅಲ್ಲೂ ಗೀರಿತು. ಚನ್ನಬಸವ ಕುಡುಗೋಲು ತರುತ್ತೇನೆ, ಕಡಿದುಬಿಡೋಣ ಎಂದ. ‘ಸುಮ್ಕಿರ್ಲಾ’ ಎಂದು ಅವರು ಮಗನ ಕಡೆ ನೋಡದೆ ಹೇಳಿದರು. ಹಾಗೇ ಕೂತು, ಕೈಯ ರಕ್ತ ನೋಡಿಕೊಳ್ಳುತ್ತಾ ಹೇಳಿದರು:

‘ಕೆಂಚಿ, ನಿನ್ ಬದು ನಿಂಗೇ ಗೊತ್ತು. ನೀನೇ ತಗುದ್ ಕೊಡವ್ವ.’

ಕೆಂಚಮ್ಮ ಅಲ್ಲಾಡಲಿಲ್ಲ. ವಿಶಾಲಾಕ್ಷಮ್ಮನ ಮುಖ ನೋಡಿದಳು.

‘ಮಳ ಮುಟ್ಟಾಯ್ತು, ಕೆಸರು ಮುಟ್ಟಾಯ್ತು, ನಿನ್ನ ಕತ್ತಾಳ ರಾತ್ರಿಯೆಲ್ಲ ತಬ್ಕಂಡದ’ ಎಂದರು ಆಕೆ. ‘ನೀ ಮುಟ್ಟುದ್ರ ಏನಾದ್ದು? ತಗಿ.’

ಕೆಂಚಮ್ಮ ಸೆರಗು ಬಿಗಿದು, ಎಲೆಗಳನ್ನು ಬುಡದಿಂದ ಒಂದೊಂದಾಗಿ ಬಗ್ಗಿಸಿ, ಮೇಕೆಮರಿ ಎತ್ತುವ ಹಾಗೆ ಬಸವನನ್ನು ಎತ್ತಿದಳು. ಕಿವಿಯಿದ್ದ ಕಡೆಯ ಕೆಸರನ್ನು ಬೆರಳಿಂದ ಒರೆಸಿದಳು, ಕಿವಿಯಿಲ್ಲದ ಕಡೆಯದನ್ನೂ ಒರೆಸಿದಳು. ಚಿಕ್ಕಬಸಪ್ಪನವರ ಕೈಗೆ ಕೊಟ್ಟಳು. ಕೊಡುವ ಮುಂಚೆ ಕೇಳಿದ್ದರೆ ಅದು ವ್ಯಾಪಾರವಾಗುತ್ತಿತ್ತು. ಕೊಟ್ಟ ಮೇಲೆ, ಖಾಲಿ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ, ಗುಡಿಯ ಜಗಲಿಯಲ್ಲಿ ಹೇಳಲಾರದ್ದನ್ನು ಹೇಳಿದಳು.

‘ಬುದ್ದಿ, ಮಣ್ಣು ನಿಮ್ದೇಯ, ಇಲ್ಲ ಅನ್ನಲ್ಲ. ಆದ್ರ ಅದು ನಿಮ್ತಾವು ನಿಲ್ತಾ ಇಲ್ಲ. ನಂಗ ಬುಟ್ಬುಡಿ. ಈ ಕತ್ತಾಳ ಮರಿ ಎಷ್ಟ್ ಬೇಕಾದ್ರೂ ಕಿತ್ ಕೊಡ್ತೀನಿ. ಅದ ನಟ್ಕಂಡ್ರ, ಮುಂದ್ಕ ಬರ ಮಣ್ಣಾದ್ರೂ ಮೇಲ್ಗಡನೇ ನಿಲ್ತದ.’

ಚಿಕ್ಕಸಿದ್ದ ಹೆಂಡತಿಯನ್ನು ಹೊಸ ದನಿ ಕೇಳಿದವನ ಹಾಗೆ ನೋಡಿದ. ಅದು ಅವನ ಸಂಗ್ರಹದಲ್ಲಿ ಇರಲಿಲ್ಲ.

ಚಿಕ್ಕಬಸಪ್ಪನವರು ಬಸವನನ್ನು ತೊಡೆಯ ಮೇಲಿಟ್ಟುಕೊಂಡು ಮೇಲಿನ ಹೊಲದ ಕಡೆ ನೋಡಿದರು. ಕೆಳಗಿನಿಂದ ನೋಡಿ ಅವರಿಗೆ ಅಭ್ಯಾಸವಿರಲಿಲ್ಲ. ಕೆಳಗಿನಿಂದ ಅದು ಉದ್ದುದ್ದ ಗೀರುಗಳ ಹೊಲ. ಪ್ರತಿಯೊಂದು ಗೀರೂ ನೇರವಾಗಿ ತಮ್ಮ ಕಡೆಗೇ ಇಳಿದು ಬರುತ್ತಿತ್ತು.

‘ಒಂದ್ ಮಂಕ್ರಿ ಕೊಡು’ ಎಂದರು. ‘ಅಪ್ಪನ ಗದ್ಗೆಗ. ಮಿಕ್ಕುದ್ದು ಇಲ್ಲೇ ಇರ್ಲಿ.’

ಯಜಮಾನರಿಗೆ ಯಾರು ಹೇಳುತ್ತಾರೆ ಎಂದು ಚನ್ನಬಸವ ಕೇಳಿದ. ಯಜಮಾನರಿಗೆ ಹಸುವಿನ ವಿಷಯ ಹೇಳಿದರಾಯಿತು, ಕಟ್ಟಿದ ಕಡೆ ನಿಲ್ಲಲಿಲ್ಲ ಅಂತ, ಎಂದರು ವಿಶಾಲಾಕ್ಷಮ್ಮ. ಆ ಮಂಕರಿಯನ್ನು ಕೆಂಚಮ್ಮ ತುಂಬಿದಳು, ಮೇಲಕ್ಕೆ ಚಿಕ್ಕಬಸಪ್ಪನವರೇ ಹೊತ್ತರು. ಅವರು ತಲೆಯ ಮೇಲೆ ಮಣ್ಣು ಹೊತ್ತದ್ದನ್ನು ಊರು ಅದಕ್ಕೆ ಮುಂಚೆ ನೋಡಿರಲಿಲ್ಲ, ಆದ್ದರಿಂದ ನೋಡಿದವರೆಲ್ಲ ಏನೋ ಹರಕೆಯಿರಬೇಕು ಎಂದುಕೊಂಡರು.

ನೆಲ ಸ್ವಲ್ಪ ಆರಿದ ಮೇಲೆ ಮೇಲಿನ ಹೊಲದಲ್ಲಿ ಬದು ಹಾಕಲು ಶುರುಮಾಡಿದರು. ಹಂದಿ ಬಂದು ಮಲಗುತ್ತದಲ್ಲ ಎಂದು ದಾರಿಹೋಕರು ಎಚ್ಚರಿಸಿದರು. ಮಲಗಿದರೆ ಎಬ್ಬಿಸಲು ಚಿಕ್ಕಸಿದ್ದ ಇದ್ದಾನೆ ಎಂದರು ಚಿಕ್ಕಬಸಪ್ಪನವರು. ಆ ಸಲ ಚಿಕ್ಕಸಿದ್ದ ನಾಳೆ ಎನ್ನಲಿಲ್ಲ. ಗದ್ದುಗೆಯ ಪಕ್ಕದಿಂದ ಮೊದಲ ಗೆರೆ ಹಿಡಿದು, ಇಳಿಜಾರಿಗೆ ಅಡ್ಡವಾಗಿ ಮಣ್ಣು ಏರಿಸಿ, ಕೆಂಚಮ್ಮ ಕಿತ್ತುಕೊಟ್ಟ ಕತ್ತಾಳೆ ಮರಿಗಳನ್ನು ನೆಟ್ಟುಕೊಂಡು ಹೋದರು. ಎರಡು ಬದು ಆದ ಮೇಲೆ ನಡುವಿನ ಪಟ್ಟಿ ಉಳಲು ಚನ್ನಬಸವ ಟ್ರ್ಯಾಕ್ಟರು ತಂದ.

ಕೈಗೆ ಬಿದ್ದ ಅಭ್ಯಾಸ ತಲೆಯ ಮಾತು ಕೇಳುವುದಿಲ್ಲ. ಪಟ್ಟಿಯ ತುದಿಗೆ ಬಂದವನು ಗಾಡಿಯ ಮೂತಿಯನ್ನು ತಾನೇ ತಾನಾಗಿ ಕೆಳಮುಖಕ್ಕೆ ತಿರುಗಿಸಿದ. ಮುಂದೆ ಹೊಸ ಬದು, ನಿನ್ನೆ ನೆಟ್ಟ ಮರಿಗಳು. ಚಿಕ್ಕಬಸಪ್ಪನವರು ಕೂಗಿದರು. ಎಂಜಿನ್ನಿನ ಸದ್ದಿಗೆ ಅವರ ದನಿ ಸಾಲಲಿಲ್ಲ. ಪಕ್ಕದಲ್ಲಿದ್ದ ಚಿಕ್ಕಸಿದ್ದನ ತೋಳು ಹಿಡಿದರು.

‘ಅಪ್ಪನಂಗ ಒಂದ್ ಕಿತ ಕೂಗ್ಲಾ.’

ಚಿಕ್ಕಸಿದ್ದ ಹಿಂದೆ ಸರಿದ. ‘ಬ್ಯಾಡ ಬುದ್ದಿ. ಸತ್ತೋರಂಗ ಕೂಗುದ್ರ ಎದ್ ಬತ್ತಾರ ಅಂತ ನಮ್ಮವ್ವ ಏಳದು.’

‘ಬರ್ಲಿ ಅಂತ್ಲೇ ಕಣ್ಲಾ ಕೇಳ್ತಿರದು.’

ಚಿಕ್ಕಸಿದ್ದ ಗದ್ದುಗೆಯ ಕಡೆ ತಿರುಗಿ ಕೈ ಮುಗಿದ. ಒಪ್ಪಿಗೆ ಕೇಳಿದನೋ ತಪ್ಪಾಯಿತೆಂದನೋ ಅವನಿಗೇ ಗೊತ್ತು. ಆಮೇಲೆ ಎರಡು ಕೈಗಳನ್ನು ಬಾಯಿಗೆ ಬೊಗಸೆ ಮಾಡಿ, ಇಷ್ಟು ವರ್ಷ ಒಳಗೇ ಇಟ್ಟುಕೊಂಡದ್ದನ್ನು ತೆಗೆದ.

‘ಅಡ್ಡಕ ಒಡೀಲಾ! ಅಡ್ಡಕ!’

ಅದು ಎದುರಿನ ಕಾಡಿಗೆ ಹೋಗಿ ಮುಟ್ಟಿ ವಾಪಸು ಬಂತು. ಟ್ರ್ಯಾಕ್ಟರು ಗಕ್ಕನೆ ನಿಂತಿತು. ಚನ್ನಬಸವ ತಿರುಗಿ ನೋಡಿದ್ದು ಅಪ್ಪನ ಕಡೆಗಲ್ಲ, ಚಿಕ್ಕಸಿದ್ದನ ಕಡೆಗೂ ಅಲ್ಲ, ನೆತ್ತಿಯ ಮೇಲೆ ಒಂದು ಕಿವಿಯ ಬಸವ ಕೂತಿದ್ದ ಕಡೆಗೆ. ಆಮೇಲೆ ಗೇರು ಹಿಂದಕ್ಕೆ ಹಾಕಿ, ಮುಂದಕ್ಕೆ ಹಾಕಿ, ಮತ್ತೆ ಹಿಂದಕ್ಕೆ ಹಾಕಿ, ಗಾಡಿಯನ್ನು ಅಡ್ಡಕ್ಕೆ ತಿರುಗಿಸಿದ. ಚಿಕ್ಕಬಸಪ್ಪನವರು ತಲೆಗೆ ಸುತ್ತಿದ್ದ ಟವೆಲ್ಲನ್ನು ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡರು, ಅಪ್ಪನ ಮುಂದೆ ನಿಲ್ಲುವಾಗ ನಿಲ್ಲುತ್ತಿದ್ದ ಹಾಗೆ.

ಕೆಳಗೆ, ಹೊತ್ತಲ್ಲದ ಹೊತ್ತಿನ ಮಳೆಯ ತೇವಕ್ಕೆ ಹೊತ್ತಲ್ಲದ ಹೊತ್ತಿನ ಹುರುಳಿ ಚೆಲ್ಲುತ್ತಿದ್ದ ಕೆಂಚಮ್ಮ ಕೂಗು ಕೇಳಿ ಬೆಚ್ಚಿ, ಹುರುಳಿಯ ಮೊರ ಎದೆಗೆ ಅವುಚಿಕೊಂಡು ನಿಂತಿದ್ದಳು. ಮೇಲೆ ಗಂಡ ಕೈ ಕೆಳಗಿಳಿಸಿದ್ದು ಕಂಡಿತು. ಜಗಲಿಯ ನ್ಯಾಯದಿಂದ ಈಚೆಗೆ ನಗದೇ ಇದ್ದವಳಿಗೆ ಮೊದಲು ಹೊಟ್ಟೆಯಲ್ಲಿ, ಆಮೇಲೆ ಭುಜದಲ್ಲಿ, ಆಮೇಲೆ ಬಾಯಲ್ಲಿ ನಗು ಬಂತು.

‘ಸತ್ತೋರ್ನೂ ಬುಡ್ನಿಲ್ವಲ್ಲಪ್ಪ ಇಂವ’ ಎಂದು ಕತ್ತಾಳೆಗೆ ಹೇಳಿ, ಮೊರದಿಂದ ಇನ್ನೊಂದು ಹಿಡಿ ಎತ್ತಿ ಚೆಲ್ಲಿದಳು.